ಎಲ್ಡರ್ ಸ್ಕ್ರೋಲ್ಸ್ ಲೋಕದ ರಾಣಿಯೂ ಮಧುಗಿರಿಯ ಸೆರೆಯಾಳೂ

ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಂದಿನ ತಿಂಗಳು ನನಗೊಂದು ದೀರ್ಘವಾದ ಪತ್ರ ಬರೆದಿದ್ದ. ಅವನ ಮಗ ಒಂಬತ್ತನೆಯ ತರಗತಿ. ಆ ಹುಡುಗನಿಗೆ ಟ್ಯಾಮ್ರಿಯೆಲ್ ಎಂಬ ಇಲ್ಲದ ಖಂಡದ ಒಂಬತ್ತು ಪ್ರಾಂತಗಳ ಹೆಸರು, ಅಲ್ಲಿನ ರಾಜರ ವಂಶಾವಳಿ, ಯುದ್ಧಗಳು, ದೇವತೆಗಳು, ಎಲ್ಲವೂ ಬಾಯಿಪಾಠವಂತೆ. ಆದರೆ ಅಜ್ಜನ ಊರಾದ ಮಧುಗಿರಿಯ ಕೋಟೆ ಯಾರದೆಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನಂತೆ. “ಸಾರ್, ಇದಕ್ಕೆ ಏನು ಮಾಡುವುದು?” ಎಂದು ಕೇಳಿದ್ದಾನೆ. ಅವನೊಬ್ಬನಿಗೆ ಉತ್ತರ ಬರೆದು ಸುಮ್ಮನಾಗಬಹುದಿತ್ತು. ಆದರೆ ಇದೇ ದೂರನ್ನು ನಮ್ಮ ಬಂಧುವರ್ಗದಲ್ಲಿಯೂ ಬಹಳ ಮಂದಿಯ ಬಾಯಲ್ಲಿ ಕೇಳಿರುವುದರಿಂದ ಇಲ್ಲಿಯೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಆ ಆಟ ನನಗೆ ಅಪರಿಚಿತವಲ್ಲ. ಮೊಮ್ಮಗ ಎರಡು ಬೇಸಿಗೆ ರಜೆಗಳಲ್ಲಿ ನಮ್ಮ ಮನೆಯಲ್ಲಿದ್ದಾಗ ಅವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಅದನ್ನು ಸಾಕಷ್ಟು ನೋಡಿದ್ದೇನೆ. ನೋಡಿದ ಮೇಲೆ ಅದರ ಹುಟ್ಟುಬೆಳವಣಿಗೆಗಳನ್ನು ಓದಿಯೂ ತಿಳಿದುಕೊಂಡೆ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ಅದರಲ್ಲಿ ತನ್ನ ಕಸುಬಿಗೆ ಸಂಬಂಧಿಸಿದ ಒಂದು ವಸ್ತು ಕಾಣಿಸಿತು. ಅದನ್ನೇ ಹೇಳಬೇಕೆಂದಿದ್ದೇನೆ.

ಮೊದಲು ಈ ಜಾತಿಯ ಆಟ ಎಂದರೇನು ಎಂಬುದನ್ನು ಹಿರಿಯರಿಗೆ ತಿಳಿಸಬೇಕು. ಇದನ್ನು ಪಾತ್ರಧಾರಣೆಯ ಆಟ ಎನ್ನಬಹುದು. ಚದುರಂಗದಲ್ಲಿ ನಾವು ಕಾಯಿ ನಡೆಸುತ್ತೇವೆ. ಇಲ್ಲಿ ನಾವೇ ಕಾಯಿ. ನಮ್ಮ ತುಮಕೂರು ಸೀಮೆಯವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವುದನ್ನು ನೀವೆಲ್ಲ ಕಂಡಿದ್ದೀರಿ. ಹಾರ್ಮೋನಿಯಂ ಮೇಷ್ಟರು ಬಂದು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಪಾತ್ರ ವಹಿಸುವವನು ಸಂಭಾವನೆ ಪಡೆಯುವುದಿಲ್ಲ, ತಾನೇ ಹಣ ಕೊಡುತ್ತಾನೆ. ದುರ್ಯೋಧನ ಮತ್ತು ಕೃಷ್ಣನ ಪಾತ್ರಗಳಿಗೆ ಹೆಚ್ಚು ಹಣ, ಸೈಂಧವನಿಗೆ ಕಡಿಮೆ. ಹಗಲೆಲ್ಲ ನೇಗಿಲು ಹಿಡಿದವನು ಒಂದು ರಾತ್ರಿ ಗದೆ ಹಿಡಿದು ಹಸ್ತಿನಾವತಿಯನ್ನು ಆಳಬೇಕೆಂದು ಸಾಲ ಮಾಡಿಯಾದರೂ ಆ ಹಣ ತರುತ್ತಾನೆ. ಗುಬ್ಬಿ ಕಂಪೆನಿ ಹುಟ್ಟಿದ ಜಿಲ್ಲೆ ನಮ್ಮದು. ಬೇರೆಯವನಾಗಿ ಒಂದು ರಾತ್ರಿ ಬದುಕುವ ಆಸೆಗೆ ಮನುಷ್ಯ ಎಷ್ಟು ಬೆಲೆ ಕೊಡುತ್ತಾನೆಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವ್ಯತ್ಯಾಸವೆಂದರೆ ನಾಟಕದ ದುರ್ಯೋಧನ ಎಷ್ಟೇ ಚೆನ್ನಾಗಿ ಹಾಡಲಿ, ಬೆಳಗಿನ ಜಾವಕ್ಕೆ ತೊಡೆ ಮುರಿದುಕೊಂಡು ಬೀಳಲೇಬೇಕು. ಈ ಹೊಸ ಆಟಗಳಲ್ಲಿ ಪಾತ್ರಧಾರಿಗೆ ಕಥೆಯನ್ನು ತಿರುಗಿಸುವ ಅಧಿಕಾರವನ್ನು ಕೊಟ್ಟಿದ್ದಾರೆ.

ಆ ಅಧಿಕಾರದ ಮೂಲ 1974ರಲ್ಲಿ ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟ. ಅದಕ್ಕೆ ಯಂತ್ರವೇ ಬೇಡ. ಮೇಜಿನ ಸುತ್ತ ಕುಳಿತು ಕಾಗದ, ಪೆನ್ಸಿಲು, ದಾಳಗಳೊಡನೆ ಆಡುವುದು. ಒಬ್ಬ ಸೂತ್ರಧಾರ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ದಾಳ ಫಲವನ್ನು ನಿರ್ಣಯಿಸುತ್ತದೆ. ಇಂಥ ಆಟಗಳ ಹುಚ್ಚಿದ್ದ ಕೆಲವು ಯುವಕರು ಮೇರಿಲ್ಯಾಂಡ್ ಪ್ರಾಂತದ ಬೆಥೆಸ್ಡಾ ಎಂಬ ಕಂಪೆನಿಯಲ್ಲಿ ಕೆಲಸಕ್ಕಿದ್ದರು. 1986ರಲ್ಲಿ ಆರಂಭವಾದ ಆ ಕಂಪೆನಿ 1994ರಲ್ಲಿ ‘ದಿ ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ಮೊದಲ ಆಟವಾದ ‘ಅರೀನಾ’ವನ್ನು ಹೊರತಂದಿತು. ಎಲ್ಡರ್ ಸ್ಕ್ರೋಲ್ಸ್ ಎಂದರೆ ‘ಆದಿಕಾಲದ ಸುರುಳಿಗಳು’ ಎಂದು ನಾನು ಕನ್ನಡಿಸಿಕೊಂಡಿದ್ದೇನೆ. ಅದನ್ನು ರೂಪಿಸಿದವರಲ್ಲಿ ಜೂಲಿಯನ್ ಲೆಫೇ, ಟೆಡ್ ಪೀಟರ್ಸನ್ ಇವರ ಜೊತೆಗೆ ವಿಜಯ್ ಲಕ್ಷ್ಮಣ್ ಎಂಬವರೂ ಇದ್ದರು. ಹೆಸರು ಕೇಳಿದೊಡನೆ ನನ್ನ ಕಿವಿ ನೆಟ್ಟಗಾಯಿತು! ‘ಎಲ್ಡರ್ ಸ್ಕ್ರೋಲ್ಸ್’ ಎಂಬ ಹೆಸರನ್ನು ಸೂಚಿಸಿದವರೇ ಅವರು. ಆ ಸುರುಳಿಗಳೆಂದರೆ ಏನೆಂಬುದು ಆಗ ಅವರಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲವಂತೆ. ಹೆಸರು ಮೊದಲು ಬಂತು, ಅರ್ಥ ಆಮೇಲೆ ಬಂತು.

‘ಅರೀನಾ’ ಎಂಬ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಮೊದಲು ಅವರು ಮಾಡಹೊರಟಿದ್ದುದು ಊರಿಂದೂರಿಗೆ ಹೋಗಿ ಕಾಳಗದ ಕಣದಲ್ಲಿ ಸೆಣಸುವ ತಂಡದ ಆಟ. ಮಾಡುತ್ತಾ ಮಾಡುತ್ತಾ ಊರುಗಳು, ಜನರು, ಸಣ್ಣಪುಟ್ಟ ಕಾರ್ಯಭಾರಗಳು ಬೆಳೆದು, ಕಾಳಗದ ಕಣವೇ ಆಟದಿಂದ ಮಾಯವಾಯಿತು. ಆದರೆ ಹೆಸರು ಆಗಲೇ ಪ್ರಚಾರವಾಗಿಬಿಟ್ಟಿತ್ತು. ಆಗ ಅವರು ಆ ಸಾಮ್ರಾಜ್ಯದಲ್ಲಿ ಹೊಡೆದಾಟ ಎಷ್ಟು ಹೆಚ್ಚೆಂದರೆ ಜನ ತಮ್ಮ ನಾಡನ್ನೇ ‘ಕಾಳಗದ ಕಣ’ ಎಂದು ಕರೆಯುತ್ತಾರೆ ಎಂಬ ಐತಿಹ್ಯವನ್ನು ಹುಟ್ಟಿಸಿದರು. ಸ್ಥಳಪುರಾಣಗಳು ಹುಟ್ಟುವ ರೀತಿ ಇದೇ ಅಲ್ಲವೇ? ಹೆಸರೊಂದು ಉಳಿದಿರುತ್ತದೆ, ಕಾರಣ ಮರೆತಿರುತ್ತದೆ, ಆ ಬರಿದಾದ ಜಾಗದಲ್ಲಿ ಕಥೆ ಬಂದು ಕೂರುತ್ತದೆ. ಮಿಡಿಗೇಶಿ ಎಂಬ ಹೆಸರಿಗೆ ಹಿಮ್ಮಡಿಯವರೆಗೆ ಕೇಶವಿದ್ದ ಹೆಣ್ಣೊಬ್ಬಳ ಕಥೆ ಬಂದು ಕೂತಂತೆ. ನಮ್ಮ ಬೆಟ್ಟಕ್ಕೆ ಜೇನಿನ ಕಥೆ ಬಂದು ಮದ್ದಗಿರಿ ಮಧುಗಿರಿಯಾದಂತೆ.

ಎರಡನೆಯ ಆಟ 1996ರ ‘ಡ್ಯಾಗರ್‌ಫಾಲ್’. ಅದರ ಭೂಪಟ ಗ್ರೇಟ್ ಬ್ರಿಟನ್ನಿನಷ್ಟು ದೊಡ್ಡದು, ಅದರಲ್ಲಿ 15,000 ಊರುಕೇರಿಗಳಿವೆ ಎಂದು ತಯಾರಕರು ಹೇಳಿಕೊಂಡರು. ಯಂತ್ರವೇ ಲೆಕ್ಕಾಚಾರದಿಂದ ಕಟ್ಟಿದ ಊರುಗಳು ಅವು. ಒಂದನ್ನು ಕಂಡರೆ ಹತ್ತನ್ನು ಕಂಡಂತೆ. ಮುಂದೆ 2002ರಲ್ಲಿ ‘ಮಾರೋವಿಂಡ್’, 2006ರಲ್ಲಿ ‘ಒಬ್ಲಿವಿಯನ್’, 2011ರ ನವೆಂಬರ್ 11ರಂದು ‘ಸ್ಕೈರಿಮ್’ ಬಂದವು. ಕೊನೆಯದರ 6 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆಯೆಂದು 2023ರಲ್ಲಿ ಅದರ ನಿರ್ದೇಶಕ ಟಾಡ್ ಹೊವಾರ್ಡ್ ತಿಳಿಸಿದರು. ಆರನೆಯದನ್ನು 2018ರಲ್ಲಿ ಘೋಷಿಸಿದರು. 2021ರಲ್ಲಿ ಆ ಇಡೀ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡಿತು. ವ್ಯಾಪಾರದ ವಿಷಯ ಇಷ್ಟು ಸಾಕು.

ಆಡುವ ಕ್ರಮದಲ್ಲಿ ನನಗೆ ಹಿಡಿಸಿದ ಮೂರು ಸಂಗತಿಗಳಿವೆ. ಈ ಮಾಲೆಯ ಮುಖ್ಯ ಆಟಗಳಲ್ಲಿ ನಾಯಕ ಬಹುತೇಕ ಸೆರೆಯಾಳಾಗಿಯೇ ಕಥೆಯನ್ನು ಪ್ರವೇಶಿಸುತ್ತಾನೆ. ಏಕೆ ಸೆರೆಯಾದ, ಹಿಂದೆ ಯಾರಾಗಿದ್ದ ಎಂಬುದನ್ನು ಆಟ ಹೇಳುವುದಿಲ್ಲ. ಆಡುವವನು ತಾನೇ ಕಲ್ಪಿಸಿಕೊಳ್ಳಬೇಕು. ಎರಡನೆಯದು, ವಿದ್ಯೆ ಬೆಳೆಯುವ ರೀತಿ. ಖಡ್ಗ ಬೀಸಿದಷ್ಟೂ ಖಡ್ಗವಿದ್ಯೆ ಏರುತ್ತದೆ, ನೆಗೆದಷ್ಟೂ ನೆಗೆತ ಬರುತ್ತದೆ, ಬೀಗ ಬಿಚ್ಚಿದಷ್ಟೂ ಬೀಗದ ಮರ್ಮ ತಿಳಿಯುತ್ತದೆ. ಮೊಮ್ಮಗ ಒಂದು ಸಂಜೆಯೆಲ್ಲ ಗೋಡೆಯ ಬಳಿ ಸುಮ್ಮನೆ ನೆಗೆಯುತ್ತಲೇ ಇದ್ದ. ಕೇಳಿದರೆ “ಅಭ್ಯಾಸ ತಾತ” ಎಂದ. ಗಣಿತದಲ್ಲಿ ಈ ತತ್ತ್ವವನ್ನು ಅವನು ಒಪ್ಪುವುದಿಲ್ಲ, ಅದು ಬೇರೆ ಮಾತು. ಮೂರನೆಯದು ಗಿಡಮೂಲಿಕೆ. ಬೆಟ್ಟಗುಡ್ಡಗಳಲ್ಲಿ ಅಲೆದು ಎಲೆ, ಬೇರು, ಹೂಗಳನ್ನು ಆಯ್ದು ತಂದು ಅರೆದು ಔಷಧ ಮಾಡಬೇಕು. ಯಾವ ಎರಡು ಕೂಡಿದರೆ ಏನು ಫಲ ಎಂಬುದನ್ನು ತಿಂದು ನೋಡಿಯೇ ಕಲಿಯಬೇಕು. ಇದನ್ನು ನೋಡುವಾಗಲೆಲ್ಲ ನನಗೆ ಕೊರಟಗೆರೆಯ ಸಿದ್ಧರಬೆಟ್ಟದ ನೆನಪು. ಸುವರ್ಣಗಿರಿ ಎಂಬ ಇನ್ನೊಂದು ಹೆಸರಿನ ಆ ಬೆಟ್ಟದ ಗುಹೆಗಳು, ಸಿದ್ಧರ ಕಥೆಗಳು, ಮೂಲಿಕೆ ಹುಡುಕಿಕೊಂಡು ದೂರದೂರದಿಂದ ಬರುವವರು, ಇವನ್ನೆಲ್ಲ ಕಂಡವನಿಗೆ ಆ ಅಮೆರಿಕದ ಆಟ ಅಷ್ಟೇನೂ ವಿದೇಶೀಯವೆನಿಸುವುದಿಲ್ಲ.

ಆದರೆ ನಾನು ಕುರ್ಚಿಯಿಂದ ಏಳದಂತೆ ಮಾಡಿದ್ದು ಇವಾವುವೂ ಅಲ್ಲ. ಆ ಆಟದೊಳಗಿನ ಪುಸ್ತಕಗಳು.

ಆಟದೊಳಗೆ ಪುಸ್ತಕಗಳಿವೆ, ಒಂದೆರಡಲ್ಲ, ನೂರಾರು. ಮನೆಯ ಕಪಾಟಿನಲ್ಲಿ, ಮಠದ ಮೂಲೆಯಲ್ಲಿ, ಸತ್ತವನ ಜೋಳಿಗೆಯಲ್ಲಿ ಸಿಕ್ಕುತ್ತವೆ. ತೆರೆದರೆ ಪೂರ್ತಿ ಓದಬಹುದು. ಆ ಲೋಕದ ಇತಿಹಾಸವೆಲ್ಲ ಇರುವುದು ಅವುಗಳಲ್ಲಿಯೇ. ಆಶ್ಚರ್ಯವೆಂದರೆ ಅವು ಒಂದರೊಡನೊಂದು ಒಪ್ಪುವುದಿಲ್ಲ. ‘ಮಾರೋವಿಂಡ್’ ಆಟದ ಹೃದಯದಲ್ಲಿ ಕೆಂಪು ಪರ್ವತದ ಯುದ್ಧವೆಂಬ ಪುರಾತನ ಘಟನೆಯೊಂದಿದೆ. ನೆರೆವಾರ್ ಎಂಬ ವೀರ ಅಲ್ಲಿ ಸತ್ತ. ಹೇಗೆ ಸತ್ತ? ಗಾಯಗಳಿಂದ ಸತ್ತನೆಂದು ವಿವೆಕ್ ಹೇಳುತ್ತಾನೆ. ವಿವೆಕ್ ಎಂದರೆ ನೆರೆವಾರನ ಜೊತೆಗಾರನಾಗಿದ್ದು ಆಮೇಲೆ ದೇವರಾದವನು. ಮೈಯ ಅರ್ಧ ಹೊಂಬಣ್ಣ, ಅರ್ಧ ಬೂದಿನೀಲಿ. ನಮ್ಮ ಅರ್ಧನಾರೀಶ್ವರನನ್ನು ನೆನಪಿಗೆ ತರುವ ರೂಪ. ಅವನೂ ಅವನ ಇಬ್ಬರು ಸಂಗಡಿಗರೂ ಸೇರಿ ದೈವತ್ವದ ಆಸೆಗೆ ನೆರೆವಾರನನ್ನು ಕೊಂದರೆಂದು ಬೂದಿಯ ಬಯಲಿನಲ್ಲಿ ಡೇರೆ ಹಾಕಿಕೊಂಡಿರುವ ಅಲೆಮಾರಿ ಜನ ಹೇಳುತ್ತಾರೆ. ಅವರ ಹೇಳಿಕೆಯನ್ನು ದೇವಾಲಯದವರು ಪಾಷಂಡವೆಂದು ಅದುಮಿಟ್ಟಿದ್ದಾರೆ. ಹಳೆಯ ಬರಹಗಳನ್ನು ಗುಪ್ತ ಭಂಡಾರದಲ್ಲಿ ಬಚ್ಚಿಟ್ಟಿದ್ದಾರೆ. ಆಡುವವನು ಎರಡೂ ಕಡೆಯವರನ್ನು ಕಂಡು, ಎರಡನ್ನೂ ಓದಿ, ತಾನೇ ತೀರ್ಮಾನಿಸಬೇಕು. ಕೊನೆಯವರೆಗೂ ಆಟ ‘ಇದೇ ಸತ್ಯ’ ಎಂದು ಮುದ್ರೆ ಒತ್ತುವುದಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತ ನಮಗೆ ಹತ್ತಿರ. ಬಾರೆಂಜಿಯಾ ಎಂಬ ರಾಣಿಯ ಬಗ್ಗೆ ಎರಡು ಪುಸ್ತಕಗಳಿವೆ. ಒಂದು ಸಾಮ್ರಾಜ್ಯದ ಲಿಪಿಕಾರ ಬರೆದ ಜೀವನಚರಿತ್ರೆ. ಅದರಲ್ಲಿ ಆಕೆ ಸುಗುಣಸಂಪನ್ನೆ, ಚಕ್ರವರ್ತಿಗೆ ನಿಷ್ಠೆ. ಇನ್ನೊಂದರ ಹೆಸರು ‘ನಿಜವಾದ ಬಾರೆಂಜಿಯಾ’. ಅದರಲ್ಲಿ ಆಕೆಯ ಪ್ರಣಯಗಳು, ಕಳ್ಳತನ, ಅರಮನೆಯ ಒಳಸಂಚು ಎಲ್ಲವೂ ಇವೆ. ಎರಡನ್ನೂ ಓದಿದ ಮೊಮ್ಮಗ ಎರಡನೆಯದೇ ನಿಜವೆಂದು ಗಟ್ಟಿಯಾಗಿ ಹೇಳಿದ. ಏಕೆಂದು ಕೇಳಿದೆ. “ಅದರಲ್ಲಿ ಕೆಟ್ಟ ವಿಷಯ ಇದೆಯಲ್ಲ ತಾತ, ಕೆಟ್ಟದ್ದನ್ನು ಯಾರು ಸುಮ್ಮನೆ ಬರೆಯುತ್ತಾರೆ?” ಎಂದ. ಅಂದು ನಾನು ಅವನಿಗೆ ಹೇಳಿದ್ದು ನಮ್ಮ ಬೆಟ್ಟದ ಮೇಲೆ ಸೆರೆಯಿದ್ದ ರಾಣಿಯ ಕಥೆಯನ್ನು.

ಕೆಳದಿಯ ಅರಸುಮನೆತನದ ಕೊನೆಯ ರಾಣಿ ವೀರಮ್ಮಾಜಿ. ಗಂಡ ಬಸಪ್ಪನಾಯಕ ತೀರಿಕೊಂಡ ಮೇಲೆ ದತ್ತುಪುತ್ರ ಚನ್ನಬಸಪ್ಪನಾಯಕ ಪಟ್ಟಕ್ಕೆ ಬಂದ. ಅವನೂ ಬಹುಕಾಲ ಬಾಳಲಿಲ್ಲ. 1757ರಿಂದ ಆಕೆ ಸೋಮಶೇಖರನೆಂಬ ಬಾಲಕನನ್ನು ದತ್ತು ಪಡೆದು ಬಿದನೂರಿನಿಂದ ರಾಜ್ಯವಾಳಿದಳು. ಮಲೆನಾಡಿನ ಮೆಣಸು, ಅಡಿಕೆ, ಕರಾವಳಿಯ ಬಂದರುಗಳ ವ್ಯಾಪಾರ, ಇವುಗಳಿಂದ ತುಂಬಿದ್ದ ಸಿರಿವಂತ ರಾಜ್ಯ. ಅದೇ ಹೊತ್ತಿಗೆ ಹೈದರಾಲಿ ಏರುತ್ತಿದ್ದ.

ಹೈದರನ ಏರಿಕೆಯಲ್ಲಿ ನಮ್ಮ ಶಿರಾ ಒಂದು ಮೆಟ್ಟಿಲು. ರತ್ನಗಿರಿಯ ರಂಗಪ್ಪನಾಯಕ ಕೋಟೆ ಕಟ್ಟಲು ಆರಂಭಿಸಿ, ಅದು ಮುಗಿಯುವ ಮೊದಲೇ 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಕೈಸೇರಿದ ಊರು ಅದು. 1687ರಿಂದ ಮೊಗಲರ ಪ್ರಾಂತದ ರಾಜಧಾನಿ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದರ ಕೆಳಗೆ. ದಿಲಾವರ್‌ಖಾನನ ಕಾಲದಲ್ಲಿ ಅರಮನೆ, ಉದ್ಯಾನಗಳಿಂದ ಮೆರೆದು 1757ರಲ್ಲಿ ಮರಾಠರ ವಶವಾಯಿತು. 1761ರಲ್ಲಿ ನಿಜಾಮನ ತಮ್ಮ ಬಸಾಲತ್‌ಜಂಗನಿಗೆ ಮೂರು ಲಕ್ಷ ರೂಪಾಯಿ ನಜರಾನೆ ಸಲ್ಲಿಸಿ ಹೈದರ್ ‘ಶಿರಾದ ನವಾಬ’ ಎಂಬ ಪದವಿಯನ್ನು ಪಡೆದ. ಗಮನಿಸಿ: ಕೊಟ್ಟವನಿಗೆ ಶಿರಾದ ಮೇಲೆ ಅಧಿಕಾರವಿರಲಿಲ್ಲ, ಪಡೆದವನ ಕೈಯಲ್ಲಿ ಆಗ ಶಿರಾ ಇರಲಿಲ್ಲ, ಇದ್ದದ್ದು ಮರಾಠರ ಕೈಯಲ್ಲಿ! ಮೊದಲು ಬಿರುದು, ಆಮೇಲೆ ಊರು. ಇದನ್ನು ಹೇಳಿದಾಗ ಮೊಮ್ಮಗ ಬಹಳ ನಕ್ಕು, ಆಟದಲ್ಲಿಯೂ ಹೀಗೆಯೇ ಎಂದ. ಮೊದಲು ಯಾರೋ ಕಾರ್ಯಭಾರವನ್ನು ಹೊರಿಸುತ್ತಾರೆ, ಬಿರುದು ಕಾದಿರುತ್ತದೆ, ಕೋಟೆಯನ್ನು ನಾವೇ ಹೋಗಿ ಗೆಲ್ಲಬೇಕು. ಹೈದರ್ ಹೋಗಿ ಗೆದ್ದ.

ಆಗ ಚಿತ್ರದುರ್ಗದ ಪಾಳೆಯಗಾರನ ಮೂಲಕ ಒಬ್ಬ ಯುವಕ ಅವನ ಮುಂದೆ ಬಂದ. ತಾನೇ ಸತ್ತನೆಂದು ಸಾರಲಾದ ಚನ್ನಬಸಪ್ಪನಾಯಕ, ರಾಣಿ ಜಟ್ಟಿಯೊಬ್ಬನ ಕೈಯಿಂದ ಕೊಲ್ಲಿಸಲೆತ್ನಿಸಿದಳು, ಜಟ್ಟಿ ಕನಿಕರಪಟ್ಟು ಬಿಟ್ಟ ಎಂದು ಹೇಳಿಕೊಂಡ. ಹೈದರನ ಪಾಳೆಯದಲ್ಲಿ ಅವನಿಗೆ ‘ಘೈಬು ರಾಜ’ ಎಂದು ಅಡ್ಡಹೆಸರು ಬಿತ್ತು. ಘೈಬ್ ಎಂದರೆ ಮರೆಯಾದದ್ದು, ಕಾಣದ್ದು. ಸತ್ತು ಎದ್ದು ಬಂದ ರಾಜನೆಂಬ ಗೇಲಿ ಅದರಲ್ಲಿದೆ. ಈ ಯುವಕನಿಗೆ ಗದ್ದುಗೆ ಕೊಡಿಸುವ ನೆಪ ಹೂಡಿ ಹೈದರ್ 1763ರ ಜನವರಿಯಲ್ಲಿ ಬಿದನೂರಿನ ಮೇಲೆ ನಡೆದ. ಲಿಂಗಣ್ಣನೆಂಬ ಹಿಂದಿನ ಮಂತ್ರಿಯೊಬ್ಬ ಗುಟ್ಟಿನ ದಾರಿ ತೋರಿದ. ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು, ಅಲ್ಲಿ ಸಿಕ್ಕಿಬಿದ್ದಳು. ಬಿದನೂರು ಹೈದರನಗರವಾಯಿತು. ಕೊಳ್ಳೆಯ ಮೊತ್ತವೇ ಹೈದರನ ಮುಂದಿನ ಭಾಗ್ಯಕ್ಕೆಲ್ಲ ತಳಪಾಯ.

ರಾಣಿಯನ್ನೂ, ಬಾಲಕ ಸೋಮಶೇಖರನನ್ನೂ ಮಧುಗಿರಿ ಬೆಟ್ಟದ ಮೇಲೆ ಸೆರೆಯಲ್ಲಿರಿಸಿದರು. ಅವರೊಡನೆ ಇನ್ನೊಬ್ಬನನ್ನೂ ಅಲ್ಲಿಗೇ ಕಳಿಸಿದರು: ಯಾರಿಗಾಗಿ ಈ ದಂಡಯಾತ್ರೆ ನಡೆಯಿತೋ ಆ ಘೈಬು ರಾಜನನ್ನು!

ತರಗತಿಯಲ್ಲಿ ನಾನು ಈ ಸ್ಥಳಕ್ಕೆ ಬಂದು ಪಾಠ ನಿಲ್ಲಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಹುಡುಗ ನಿಜವಾದ ಚನ್ನಬಸಪ್ಪನಾಯಕನಾಗಿದ್ದರೆ ಗದ್ದುಗೆ ಅವನದು. ಅವನನ್ನೇಕೆ ಸೆರೆಗೆ ತಳ್ಳಿದರು? ಸುಳ್ಳಿನವನಾಗಿದ್ದರೆ ದಂಡು ಹೊರಟದ್ದೇಕೆ? ಈ ಕಥೆಯನ್ನು ವಿವರವಾಗಿ ಬರೆದವರಲ್ಲಿ ಮುಖ್ಯನಾದವನು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಕಂಪೆನಿ ಸರ್ಕಾರದ ರೆಸಿಡೆಂಟನಾಗಿದ್ದವನು. ಅವನ ಇತಿಹಾಸದ ಮೊದಲ ಸಂಪುಟ 1810ರಲ್ಲಿ ಬಂತು. ರಾಣಿಗೊಬ್ಬ ಪ್ರಿಯಕರನಿದ್ದ, ಅದನ್ನು ಆಕ್ಷೇಪಿಸಿದ್ದಕ್ಕಾಗಿಯೇ ದತ್ತುಪುತ್ರನ ಕೊಲೆಯಾಯಿತು ಎಂಬ ಮಾತೆಲ್ಲ ಅವನಲ್ಲಿದೆ. ಘಟನೆ ನಡೆದು ಸುಮಾರು ಅರ್ಧ ಶತಮಾನದ ಮೇಲೆ ಬರೆದದ್ದು. ವಿಲ್ಕ್ಸನನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೈದರನ ನಯವಂಚನೆಯನ್ನೂ ಅವನು ಮುಚ್ಚಿಡಲಿಲ್ಲ. ಆದರೆ ಅವನ ಕಿವಿಗೆ ಬಿದ್ದ ಕಥೆ ಯಾರ ಬಾಯಿಂದ ಬಂತು ಎಂದು ಕೇಳಬೇಕು. ರಾಣಿ ಕೊಲೆಗಾರಳೆಂಬ ಮಾತಿನಿಂದ ಲಾಭವಿದ್ದದ್ದು ಬಿದನೂರನ್ನು ನುಂಗಿದವರಿಗೆ. ಇತ್ತ ಕನ್ನಡದಲ್ಲಿ ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ವಿದೆ; ಅದು ಕೆಳದಿಯ ಅರಸರ ಅಭಿಮಾನಿಯ ಗ್ರಂಥ, ರಾಜವಂಶದ ಕೀರ್ತಿಯೇ ಅದರ ವಸ್ತು. ಅತ್ತ ಪಾರಸಿಯಲ್ಲಿ ಕಿರ್ಮಾನಿಯ ‘ನಿಶಾನ್-ಎ-ಹೈದರಿ’ಯಿದೆ, ಅದು ಹೈದರ್ ಮತ್ತು ಟಿಪ್ಪುವಿನ ಉಪ್ಪು ತಿಂದವನ ಬರಹ. ಒಬ್ಬನು ದೇವಾಲಯದ ಲಿಪಿಕಾರನಾದರೆ ಇನ್ನೊಬ್ಬನು ಸಾಮ್ರಾಜ್ಯದ ಲಿಪಿಕಾರ. ಕೆಳದಿಯ ಇತಿಹಾಸವನ್ನು ಅಭ್ಯಾಸ ಮಾಡಿದ ಈಚಿನ ವಿದ್ವಾಂಸರಲ್ಲಿ ಹಲವರು ಕೊಲೆಯ ಕಥೆಯನ್ನು ಒಪ್ಪಿಲ್ಲ. ನನ್ನ ಅಭಿಪ್ರಾಯವೂ ಅದೇ. ಒಬ್ಬ ವಿಧವೆ ರಾಜ್ಯವಾಳಿದರೆ ಅವಳ ಶೀಲದ ಮೇಲೆ ಕಥೆ ಹುಟ್ಟುವುದಕ್ಕೆ ನಮ್ಮ ದೇಶದಲ್ಲಿ ಯಾವ ಸಾಕ್ಷ್ಯವೂ ಬೇಕಾಗಿಲ್ಲ. ಕೆಟ್ಟದ್ದನ್ನು ಯಾರೂ ಸುಮ್ಮನೆ ಬರೆಯುವುದಿಲ್ಲ ಎಂದ ಮೊಮ್ಮಗನ ಮಾತು ಒಂದರ್ಥದಲ್ಲಿ ಸರಿಯೇ. ಸುಮ್ಮನೆ ಬರೆಯುವುದಿಲ್ಲ, ಕಾರಣವಿಟ್ಟುಕೊಂಡೇ ಬರೆಯುತ್ತಾರೆ.

ನಾಲ್ಕು ವರ್ಷ ಆ ಬಂಡೆಯ ಮೇಲೆ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಶಿರಾವನ್ನು ಹಿಡಿದು, ಮಧುಗಿರಿಯನ್ನೂ ಹಿಡಿದು, ರಾಣಿಯನ್ನು ಬಿಡಿಸಿತು. ಪುಣೆಗೆ ಕರೆದೊಯ್ಯುತ್ತಿದ್ದಾಗ ದಾರಿಯಲ್ಲಿಯೇ ಆಕೆ ತೀರಿಕೊಂಡಳು.

ಇಲ್ಲಿ ಆಟಕ್ಕೂ ಇತಿಹಾಸಕ್ಕೂ ದಾರಿ ಬೇರೆಯಾಗುತ್ತದೆ. ‘ಡ್ಯಾಗರ್‌ಫಾಲ್’ ಆಟಕ್ಕೆ ಹಲವು ಮುಕ್ತಾಯಗಳಿದ್ದವು. ಅದರ ಅಂತ್ಯದಲ್ಲಿ ಮಹಾಶಕ್ತಿಯ ಯಂತ್ರಪುರುಷನೊಬ್ಬನನ್ನು ಯಾರಿಗೆ ಒಪ್ಪಿಸಬೇಕೆಂದು ಆಡುವವನು ನಿರ್ಧರಿಸಬೇಕು. ಯಾರಿಗೆ ಕೊಟ್ಟರೆ ಅವರು ಗೆಲ್ಲುತ್ತಾರೆ. ಮುಂದಿನ ಆಟವನ್ನು ಕಟ್ಟುವಾಗ ಯಾವುದು ನಿಜವಾಗಿ ನಡೆಯಿತೆಂದು ಹೇಳಬೇಕಲ್ಲ? ಆ ಬುದ್ಧಿವಂತರು ‘ಎಲ್ಲವೂ ನಡೆಯಿತು’ ಎಂದುಬಿಟ್ಟರು! ಆ ಮೂರು ದಿನ ಕಾಲವೇ ಮುರಿದುಹೋಗಿತ್ತು, ಎಲ್ಲ ಮುಕ್ತಾಯಗಳೂ ಏಕಕಾಲದಲ್ಲಿ ಸತ್ಯವಾದವು ಎಂದು ಆಟದೊಳಗಿನ ಗ್ರಂಥವೊಂದರಲ್ಲಿ ಬರೆದಿಟ್ಟರು. ಇದನ್ನು ಅವರು ‘ಡ್ರ್ಯಾಗನ್ ಬ್ರೇಕ್’ ಎನ್ನುತ್ತಾರೆ. ಯಾರ ಆಟವೂ ಸುಳ್ಳಾಗಬಾರದೆಂಬ ಸೌಜನ್ಯ ಅದರಲ್ಲಿದೆ. ನಾನು ಅದನ್ನು ಮೆಚ್ಚಿದೆ. ಆದರೆ ಆ ಸೌಕರ್ಯ ವೀರಮ್ಮಾಜಿಗಿಲ್ಲ. ಆಕೆ ಆ ಹುಡುಗನನ್ನು ಕೊಲ್ಲಿಸಲು ಯತ್ನಿಸಿದಳು, ಇಲ್ಲವೇ ಯತ್ನಿಸಲಿಲ್ಲ. ಎರಡೂ ನಡೆದಿರಲಾರದು. ಘೈಬು ರಾಜ ನಿಜವಾದವನು, ಇಲ್ಲವೇ ಅಲ್ಲ. ನಮಗೆ ತಿಳಿಯದಿರುವುದು ಬೇರೆ, ನಡೆಯದಿರುವುದು ಬೇರೆ. ‘ಎಲ್ಲರ ದೃಷ್ಟಿಯೂ ಸರಿ’ ಎಂದು ಕೈತೊಳೆದುಕೊಂಡರೆ ಆ ಹೆಂಗಸಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತೆ. ಈ ವಿಷಯದಲ್ಲಿ ನಾನು ಸ್ವಲ್ಪ ಕಠಿಣನಾಗಿದ್ದೇನೆ; ನಿಮ್ಮ ಉತ್ತರಪತ್ರಿಕೆಗಳಲ್ಲಿಯೂ ಹಾಗೆಯೇ ಇದ್ದೆ.

ಆ ಮಾಲೆಯ ಹೆಸರಿಗೆ ಕಾರಣವಾದ ಸುರುಳಿಗಳಿಗೆ ಕೊನೆಗೆ ಅವರು ಕೊಟ್ಟ ಅರ್ಥವನ್ನೂ ಹೇಳಿಬಿಡುತ್ತೇನೆ. ಅವುಗಳಲ್ಲಿ ಕಳೆದದ್ದೂ ಬರುವುದೂ ಬರೆದಿರುತ್ತದೆ. ಓದಿದವರಿಗೆಲ್ಲ ಒಂದೇ ತೆರನಾಗಿ ಕಾಣುವುದಿಲ್ಲ. ಅವನ್ನು ಓದಲೆಂದೇ ಸಾಧನೆ ಮಾಡಿದ ಸನ್ಯಾಸಿಗಳಿದ್ದಾರೆ. ಪ್ರತಿ ಓದಿಗೂ ಅವರ ದೃಷ್ಟಿ ಮಂದವಾಗುತ್ತಾ ಹೋಗಿ, ಕೊನೆಗೆ ಕುರುಡಾಗುತ್ತಾರೆ. ಶಾಸನಗಳನ್ನು ಓದಿ ಓದಿ ಕಣ್ಣು ಕಳೆದುಕೊಂಡ ಹಿರಿಯರನ್ನು ಬಲ್ಲ ನನಗೆ ಇದು ಬರೀ ಕಟ್ಟುಕಥೆ ಎನಿಸಲಿಲ್ಲ. ನಮ್ಮ ಜಿಲ್ಲೆಯ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದರು. ಪಾವಗಡದ ನಿಡಗಲ್ಲಿನ ಚೋಳರೆಂಬ ಅರಸರು ನಮಗೆ ಗೊತ್ತಿರುವುದು ಇಂಥ ಓದಿನಿಂದಲೇ. ಬೆಟ್ಟದ ಮೇಲೆ ಕೋಟೆ, ಪಾಳುಬಿದ್ದ ಗುಡಿಗಳು, ಬಂಡೆಯ ಮೇಲೆ ಅಕ್ಷರ. ನಿಡಗಲ್ಲಿನ ಚಿತ್ರವನ್ನು ತೋರಿಸಿದಾಗ ಮೊಮ್ಮಗ ಇದು ಯಾವ ಗೇಮ್ ಎಂದೇ ಕೇಳಿದ.

ಆದ್ದರಿಂದ, ಪತ್ರ ಬರೆದ ನನ್ನ ಶಿಷ್ಯನಿಗೆ: ಮಗನ ಆಟವನ್ನು ಕಿತ್ತುಕೊಳ್ಳಬೇಡಪ್ಪಾ. ಎರಡು ಗ್ರಂಥಗಳು ಒಂದೇ ಸಂಗತಿಯನ್ನು ಎರಡು ಬಗೆಯಾಗಿ ಹೇಳಬಹುದೆಂಬುದು ಅವನಿಗೆ ಆಗಲೇ ತಿಳಿದಿದೆ. ಅದನ್ನು ಒಂಬತ್ತನೆಯ ತರಗತಿಯವರಿಗೆ ತಿಳಿಸಲು ನನಗೆ ಜೂನ್‌ನಿಂದ ದಸರಾವರೆಗೆ ಬೇಕಾಗುತ್ತಿತ್ತು. ಅವನಿಗೆ ವೀರಮ್ಮಾಜಿಯ ಕಥೆಯನ್ನು ವಿಲ್ಕ್ಸ್ ಹೇಳಿದಂತೆ ಒಮ್ಮೆ ಹೇಳು, ಕೆಳದಿಯವರು ಹೇಳುವಂತೆ ಒಮ್ಮೆ ಹೇಳು. ತೀರ್ಪನ್ನು ನೀನು ಹೇಳಬೇಡ, ಅವನೇ ಕೇಳಲಿ.

ಆಮೇಲೆ ಕರೆದುಕೊಂಡು ಬಾ. ‘ಮಾರೋವಿಂಡ್’ನಲ್ಲಿ ದಾರಿ ತೋರಿಸುವ ಬಾಣದ ಗುರುತಿರಲಿಲ್ಲ; ಊರವರು ಬಾಯಲ್ಲಿ ಹೇಳಿದ್ದನ್ನು ನೆನಪಿಟ್ಟುಕೊಂಡು ಹೋಗಬೇಕಿತ್ತು. ಅದೇ ರೀತಿ ಹೇಳುತ್ತೇನೆ, ಅವನಿಗೆ ಓದಿ ಹೇಳು. ತುಮಕೂರಿನಿಂದ ಕೊರಟಗೆರೆಯ ಮೇಲೆ ಬರಬೇಕು. ಮಧುಗಿರಿ ಹತ್ತಿರವಾದಂತೆ ಎದುರಿಗೆ ಒಂದೇ ಬಂಡೆ ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಬೇರಾವುದೋ ಇರಬಹುದೆಂಬ ಸಂಶಯವೇ ಬರುವುದಿಲ್ಲ. ಊರೊಳಗೆ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರಸ್ವಾಮಿ ದೇವಾಲಯಗಳಿಗೆ ಕೈಮುಗಿದು, ಬೆಟ್ಟದ ಬುಡದ ಬಾಗಿಲನ್ನು ಕೇಳಿಕೊಂಡು ಹೋಗಬೇಕು. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂದು ಕೋಟೆಯ ಬಾಗಿಲುಗಳ ಹೆಸರು; ಎಣಿಸುತ್ತಾ ಹತ್ತಲಿ. ಅರ್ಧದವರೆಗೆ ಮೆಟ್ಟಿಲುಗಳು ಸುಲಭ. ಆಮೇಲೆ ಬಂಡೆಯಲ್ಲಿಯೇ ಕೊರೆದ ಸಣ್ಣ ಹೆಜ್ಜೆಗುಳಿಗಳು. ಅಲ್ಲಿ ಅವನ ಕೈಯನ್ನು ನೀನು ಹಿಡಿದುಕೊ, ಮೊಬೈಲನ್ನು ಜೇಬಿಗೆ ಹಾಕಿಸು. ಕುರಿಯೊಂದು ಬೆಟ್ಟಕ್ಕೆ ತಪ್ಪಿಸಿಕೊಂಡು ಹೋಗಿ ಮೈಯೆಲ್ಲ ನೀರು ತೊಟ್ಟಿಕ್ಕಿಸುತ್ತಾ ಬಂದದ್ದನ್ನು ಕಂಡು, ಮೇಲೆ ಚಿಲುಮೆಯಿದೆಯೆಂದು ತಿಳಿದು ರಾಜಾ ಹಿರೇಗೌಡ ಇಲ್ಲಿ ಕೋಟೆ ಕಟ್ಟಿದನೆಂದು ಐತಿಹ್ಯ. ಆದರೂ ನೀರನ್ನು ನೀವೇ ಕೊಂಡೊಯ್ಯಿರಿ. ಬೆಳಗ್ಗೆ ಆರು ಗಂಟೆಗೇ ಹೊರಡಬೇಕು, ಹತ್ತರ ಮೇಲೆ ಬಂಡೆ ಕಾಯುತ್ತದೆ. ಮಳೆ ಬಿದ್ದ ಮರುದಿನ ಬೇಡ. ಇಳಿದ ಮೇಲೆ ನಮ್ಮ ಮನೆಗೆ ಊಟಕ್ಕೆ ಬನ್ನಿ. ಮುದ್ದೆ, ಹುರುಳಿಕಾಳಿನ ಸಾರು ಮಾಡಿಸಿರುತ್ತೇನೆ.